ದಾಖಲಾತಿ ರಜಿಸ್ಟರು ಮತ್ತು ಗಣಕಯಂತ್ರ: ಜಾವಾ ಚೌಕಟ್ಟನ್ನು ಅಣಿಗೊಳಿಸುವ ಒಂದು ಪಾಠ

ಪೀಠಿಕೆ

ಶಾಲೆಯೊಂದರ ಕಪಾಟುಗಳಲ್ಲಿರುವ ಪುಸ್ತಕಗಳ ಪೈಕಿ ಅತ್ಯಂತ ಬೆಲೆಯುಳ್ಳದ್ದು ಯಾವುದೆಂದು ಕೇಳಿದರೆ ಬಹುಮಂದಿ ಗ್ರಂಥಾಲಯದ ಕಡೆಗೆ ಕೈ ತೋರಿಸುವರು. ಶಾಲೆಯ ಗುಮಾಸ್ತರನ್ನು ಕೇಳಿದರೆ ಅವರು ತೋರಿಸುವುದು ದಾಖಲಾತಿ ರಜಿಸ್ಟರನ್ನು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಂದ ಬಂದ ಎಷ್ಟೋ ಮಕ್ಕಳ ಹೆಸರು, ತಂದೆತಾಯಿಯರ ಹೆಸರು, ಊರು, ಹುಟ್ಟಿದ ದಿನ ಇವೆಲ್ಲ ಮೊಟ್ಟಮೊದಲು ಬರಹದ ರೂಪವನ್ನು ತಾಳಿದ್ದು ಆ ರಜಿಸ್ಟರಿನ ಪುಟದಲ್ಲಿಯೇ. ಮುಂದೆ ಟಿ.ಸಿ. ಬೇಕಾದಾಗ, ನೌಕರಿಗೆ ಅರ್ಜಿ ಹಾಕುವಾಗ, ಸಂವಿಧಾನದ 371(ಜೆ) ಕಲಮಿನ ಅರ್ಹತಾ ಪ್ರಮಾಣಪತ್ರಕ್ಕಾಗಿ ವ್ಯಾಸಂಗದ ಆಧಾರವನ್ನು ಒದಗಿಸುವಾಗ, ಮೂವತ್ತು ನಲವತ್ತು ವರ್ಷಗಳ ಹಿಂದಿನ ಆ ಪುಟವನ್ನೇ ತೆರೆಯಬೇಕಾಗುತ್ತದೆ.

ಆ ಪುಟಗಳು ಇಂದು ಬಡವಾಗುತ್ತಿವೆ. ಮಸಿ ಮಾಸಿದೆ, ಅಂಚು ಪುಡಿಯಾಗುತ್ತಿದೆ, ಮಡಿಕೆಯ ಜಾಗದಲ್ಲಿ ಹೆಸರುಗಳು ಹರಿದಿವೆ. ಇವುಗಳನ್ನು ಗಣಕಯಂತ್ರಕ್ಕೆ ಏರಿಸಬೇಕೆಂಬ ಮಾತು ಹಳೆಯ ವಿದ್ಯಾರ್ಥಿಗಳ ಸಭೆಗಳಲ್ಲಿ ಅನೇಕ ಸಲ ಕೇಳಿಬರುತ್ತದೆ. ಏರಿಸುವುದೆಂದರೇನು, ಅದಕ್ಕೆ ಬೇಕಾದ ತಂತ್ರಾಂಶವನ್ನು ನಮ್ಮ ವಿದ್ಯಾರ್ಥಿಗಳೇ ಕಟ್ಟಬಲ್ಲರೇ, ಕಟ್ಟುವಾಗ ಎಲ್ಲಿ ಎಚ್ಚರದಿಂದಿರಬೇಕು ಎಂಬುದನ್ನು ಕ್ರಮವಾಗಿ ತಿಳಿಸುವುದು ಈ ಪಾಠದ ಉದ್ದೇಶ. ಜಾಲ ತಂತ್ರಾಂಶಗಳನ್ನು ಕಟ್ಟಲು ಬಹುವಾಗಿ ಬಳಕೆಯಲ್ಲಿರುವ, ಜಾವಾ ಭಾಷೆಯ ‘ಸ್ಪ್ರಿಂಗ್ ಬೂಟ್’ ಎಂಬ ಚೌಕಟ್ಟನ್ನು ಇಲ್ಲಿ ಆರಿಸಿಕೊಂಡಿದೆ.

ನಮ್ಮ ಜಿಲ್ಲೆ ಕಲಿಸಿದ ಪಾಠ

ದಾಖಲೆಯ ಭಾಷೆ ಮತ್ತು ದಾಖಲೆಯ ಸ್ಥಳ ಇವೆರಡರ ಮಹತ್ವವನ್ನು ಕಲಬುರಗಿ ಜಿಲ್ಲೆಯಷ್ಟು ಚೆನ್ನಾಗಿ ಬಲ್ಲ ಜಿಲ್ಲೆಗಳು ವಿರಳ. 1948ರವರೆಗೆ ನಮ್ಮ ಭಾಗವು ಹೈದರಾಬಾದು ಸಂಸ್ಥಾನದಲ್ಲಿತ್ತು. ಅಲ್ಲಿಯ ಆಡಳಿತ ಭಾಷೆ ಉರ್ದು. ಕನ್ನಡವೊಂದನ್ನೇ ಬಲ್ಲ ರೈತನು ತನ್ನ ಹೊಲದ ಕಾಗದವನ್ನು ತಾನೇ ಓದಲಾರದೆ ಇನ್ನೊಬ್ಬರ ಕೈಗೆ ಕೊಟ್ಟು ಓದಿಸಬೇಕಾಗುತ್ತಿತ್ತು. 1956ರಲ್ಲಿ ಜಿಲ್ಲೆಯು ಅಂದಿನ ಮೈಸೂರು ರಾಜ್ಯವನ್ನು ಸೇರಿದ ಬಳಿಕ ಕನ್ನಡದ ದಾಖಲೆಗಳು ಬಳಕೆಗೆ ಬಂದವು.

ಕರ್ನಾಟಕದಲ್ಲಿ ಭೂದಾಖಲೆಗಳ ಗಣಕೀಕರಣದ ಮೊದಲ ಪ್ರಯೋಗವು 1991ರಲ್ಲಿ ನಡೆದದ್ದು ಇದೇ ಗುಲಬರ್ಗಾ ಜಿಲ್ಲೆಯಲ್ಲಿ. ಅದು ಕೇಂದ್ರ ಸರ್ಕಾರದ ಧನಸಹಾಯದ ಯೋಜನೆ. ಆದರೆ ಆ ಪ್ರಯೋಗದಲ್ಲಿ ಒಂದು ಮೂಲಭೂತ ಕೊರತೆಯಿತ್ತು. ಪಹಣಿಯ ಬದಲಾವಣೆಗಳು ನಡೆಯುವುದು ತಾಲೂಕಿನಲ್ಲಿ. ಗಣಕಯಂತ್ರವನ್ನು ತಾಲೂಕಿನಲ್ಲಿ ಇರಿಸುವ ಏರ್ಪಾಡು ಮಾತ್ರ ಅದರಲ್ಲಿರಲಿಲ್ಲ. ಹೊಲ ಮಾರಿದರೂ ಪಾಲಾದರೂ ಕೈಬರಹದ ಪುಸ್ತಕ ಬದಲಾಗುತ್ತಿತ್ತು, ಯಂತ್ರದೊಳಗಿನ ಮಾಹಿತಿ ಹಿಂದೆಯೇ ಉಳಿಯುತ್ತಿತ್ತು. ಮುಂದೆ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ ಯಂತ್ರವನ್ನು ತಾಲೂಕು ಕಚೇರಿಯಲ್ಲಿಯೇ ಇರಿಸಿ, ಕೈಬರಹದ ಪಹಣಿಗೆ ಮಾನ್ಯತೆಯನ್ನು ತೆಗೆದುಹಾಕಲಾಯಿತು. ಆ ತಂತ್ರಾಂಶವು ಜಾವಾದಲ್ಲಿ ಕಟ್ಟಿದ್ದಲ್ಲ. ಆದರೂ ಅದರಿಂದ ನಾವು ಕಲಿಯತಕ್ಕ ನೀತಿ ಒಂದಿದೆ: ದಾಖಲೆಯನ್ನು ತಿದ್ದುವ ಕೈ ಎಲ್ಲಿದೆಯೋ ಯಂತ್ರವೂ ಅಲ್ಲಿಯೇ ಇರಬೇಕು, ದಾಖಲೆಗೆ ಒಳಗಾಗುವವನು ಓದಬಲ್ಲ ಲಿಪಿಯಲ್ಲಿಯೇ ಅದು ಇರಬೇಕು. ಮುಂದೆ ಹೇಳುವ ತಾಂತ್ರಿಕ ಕ್ರಮಗಳೆಲ್ಲವೂ ಈ ಎರಡು ಮಾತುಗಳಿಗೆ ಅಧೀನವಾದವು.

ಚೌಕಟ್ಟೆಂದರೇನು?

ಜಾವಾ ಎಂಬುದು 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಲೋಕಕ್ಕೆ ನೀಡಿದ ಗಣಕಭಾಷೆ. ಅದರ ಮುಖ್ಯ ಕರ್ತೃ ಜೇಮ್ಸ್ ಗೊಸ್ಲಿಂಗ್. 2010ರಲ್ಲಿ ಸನ್ ಸಂಸ್ಥೆಯು ಒರಾಕಲ್ ಸಂಸ್ಥೆಯ ವಶಕ್ಕೆ ಬಂದಿತು. ಜಾವಾದಲ್ಲಿ ಜಾಲ ತಂತ್ರಾಂಶವನ್ನು ಬರೆಯುವವರು ಮೊದಮೊದಲು ಪ್ರತಿಯೊಂದು ಸಣ್ಣ ಕೆಲಸವನ್ನೂ ತಾವೇ ಬರೆದುಕೊಳ್ಳಬೇಕಾಗಿತ್ತು. ಬಂದ ಕೋರಿಕೆಯನ್ನು ಬಿಡಿಸುವುದು, ದತ್ತಾಂಶ ಭಂಡಾರದ ಬಾಗಿಲು ತೆರೆಯುವುದು ಮುಚ್ಚುವುದು, ತಪ್ಪಾದಲ್ಲಿ ಹಿಂದಿರುಗುವುದು, ಹೀಗೆ ಪ್ರತಿ ತಂತ್ರಾಂಶದಲ್ಲಿಯೂ ಮರಳಿ ಮರಳಿ ಬರುವ ಕೆಲಸಗಳಿವು. ಇವನ್ನು ಒಂದೇ ಸಲ ಒಳ್ಳೆಯ ರೀತಿಯಲ್ಲಿ ಕಟ್ಟಿಟ್ಟು, ಬರೆಯುವವನು ತನ್ನ ವಿಶೇಷವಾದ ಕೆಲಸವನ್ನಷ್ಟೇ ಸೇರಿಸುವಂತೆ ಮಾಡುವ ವ್ಯವಸ್ಥೆಯೇ ಚೌಕಟ್ಟು. ರಾಡ್ ಜಾನ್ಸನ್ ಎಂಬವರು 2002ರಲ್ಲಿ ಪ್ರಕಟಿಸಿದ ಗ್ರಂಥವೊಂದರ ವಿಚಾರಗಳಿಂದ ಬೆಳೆದ ‘ಸ್ಪ್ರಿಂಗ್’ ಚೌಕಟ್ಟಿನ ಮೊದಲ ಪೂರ್ಣ ಆವೃತ್ತಿ 2004ರಲ್ಲಿ ಬಂದಿತು. ಅದನ್ನು ಅಣಿಗೊಳಿಸುವ ಶ್ರಮವನ್ನು ಕಡಿಮೆ ಮಾಡಿದ ‘ಸ್ಪ್ರಿಂಗ್ ಬೂಟ್’ 2014ರಲ್ಲಿ ಬಂದಿತು.

ಇದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಅರಳಗುಂಡಗಿಯಲ್ಲಿ ಜನಿಸಿ ಕಲಬುರಗಿಯಲ್ಲಿ ದಾಸೋಹವನ್ನು ಬೆಳಗಿದ ಶರಣಬಸವೇಶ್ವರರ ನಾಡು ನಮ್ಮದು. ಮಠದ ದಾಸೋಹದ ಮನೆಯನ್ನು ನೆನೆಯಿರಿ. ಬಾಗಿಲಲ್ಲಿ ಬಂದವರನ್ನು ವಿಚಾರಿಸಿ ಪಂಕ್ತಿಗೆ ಕಳುಹಿಸುವವರು ಒಬ್ಬರು. ಅಡುಗೆಯ ಮನೆಯಲ್ಲಿ ಅಡುಗೆ ಮಾಡುವವರು ಬೇರೊಬ್ಬರು. ಉಗ್ರಾಣದ ಬೀಗದ ಕೈ ಇರುವುದು ಮತ್ತೊಬ್ಬರಲ್ಲಿ. ಬಡಿಸುವವರು ಇನ್ನೊಬ್ಬರು. ಬಂದ ಭಕ್ತನು ನೇರವಾಗಿ ಉಗ್ರಾಣಕ್ಕೆ ನುಗ್ಗುವುದಿಲ್ಲ; ಬಡಿಸುವವನು ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡುವುದಿಲ್ಲ. ಸ್ಪ್ರಿಂಗ್ ಚೌಕಟ್ಟಿನಲ್ಲಿಯೂ ಹೀಗೆಯೇ. ಬಾಗಿಲಲ್ಲಿರುವುದು ‘ಕಂಟ್ರೋಲರ್’, ಅಡುಗೆಯ ಮನೆ ‘ಸರ್ವಿಸ್’, ಉಗ್ರಾಣದ ಹೊಣೆ ‘ರೆಪಾಸಿಟರಿ’ಯದು, ಎಲೆಗೆ ಬಡಿಸಿ ಕಣ್ಣಿಗೆ ಕಾಣಿಸುವುದು ‘ವ್ಯೂ’. ಅಡುಗೆಯವನು ಕಟ್ಟಿಗೆಯನ್ನೂ ಬೇಳೆಯನ್ನೂ ಹುಡುಕಿಕೊಂಡು ಹೋಗದೆ, ಅವು ಮಠದ ವ್ಯವಸ್ಥೆಯಿಂದಲೇ ಅವನ ಬಳಿಗೆ ಬರುವಂತೆ, ಪ್ರತಿಯೊಂದು ಭಾಗಕ್ಕೂ ಬೇಕಾದ ಇತರ ಭಾಗಗಳನ್ನು ಚೌಕಟ್ಟೇ ಒದಗಿಸುತ್ತದೆ. ಇದಕ್ಕೆ ‘ಡಿಪೆಂಡೆನ್ಸಿ ಇಂಜೆಕ್ಷನ್’ ಎಂದು ಹೆಸರು. ಸ್ಪ್ರಿಂಗಿನ ಹೃದಯವೇ ಇದು.

ಈ ಚೌಕಟ್ಟು ನಮ್ಮ ರಾಜ್ಯಕ್ಕೆ ಹೊಸದಲ್ಲ. 2003ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇ-ಗವರ್ನಮೆಂಟ್ಸ್ ಫೌಂಡೇಶನ್ ರೂಪಿಸಿದ, ಪೌರಾಡಳಿತಕ್ಕೆ ಬಳಕೆಯಾಗುವ ‘ಡಿಜಿಟ್’ ಎಂಬ ಮುಕ್ತ ತಂತ್ರಾಂಶದ ಸೇವೆಗಳು ಸ್ಪ್ರಿಂಗ್ ಬೂಟಿನಲ್ಲಿ ಕಟ್ಟಿದವು. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಆಶ್ರಯದಲ್ಲಿ 2018ರಲ್ಲಿ ಆರಂಭವಾದ ‘ಮೋಸಿಪ್’ ಎಂಬ ಗುರುತಿನ ವ್ಯವಸ್ಥೆಯೂ ಇದೇ ಚೌಕಟ್ಟಿನದು. ಫಿಲಿಪ್ಪೀನ್ಸ್, ಮೊರಾಕ್ಕೊ, ಇಥಿಯೋಪಿಯ ದೇಶಗಳು ಅದನ್ನು ಬಳಸಿಕೊಂಡಿವೆ. ದೇಶದೇಶಗಳ ಜನರ ಹೆಸರನ್ನು ಕಾಯುವ ಸಾಮರ್ಥ್ಯ ಇದಕ್ಕಿರುವಾಗ ನಮ್ಮ ಒಂದು ಶಾಲೆಯ ಹೆಸರುಗಳನ್ನು ಕಾಯುವುದು ಅಸಾಧ್ಯವೇನಲ್ಲ.

ಅಣಿಗೊಳಿಸುವ ಕ್ರಮ

ಮೊದಲನೆಯದಾಗಿ, ಗಣಕದಲ್ಲಿ ಜಾವಾದ ಅಭಿವೃದ್ಧಿ ಸಾಮಗ್ರಿಯನ್ನು, ಅಂದರೆ ‘ಜೆಡಿಕೆ’ಯನ್ನು ಸ್ಥಾಪಿಸತಕ್ಕದ್ದು. 2022ರ ನವೆಂಬರಿನಲ್ಲಿ ಬಂದ ಸ್ಪ್ರಿಂಗ್ ಬೂಟಿನ ಮೂರನೆಯ ಆವೃತ್ತಿಯಿಂದ ಜಾವಾ 17 ಅಥವಾ ಅದಕ್ಕೂ ಮುಂದಿನದು ಅವಶ್ಯವಾಗಿದೆ. ದೀರ್ಘಕಾಲದ ಬೆಂಬಲವಿರುವ 21ನೆಯ ಆವೃತ್ತಿಯನ್ನು ಆರಿಸುವುದು ಲೇಸು. ಕಾರಣವನ್ನು ಅಕ್ಷರಶುದ್ಧಿಯ ಪ್ರಕರಣದಲ್ಲಿ ಹೇಳಲಾಗುವುದು. ‘ಟೆಮುರಿನ್’ ಮುಂತಾದ ಮುಕ್ತ ಆವೃತ್ತಿಗಳಿಗೆ ಹಣ ಕೊಡಬೇಕಾಗಿಲ್ಲ. ಸ್ಥಾಪಿಸಿದ ಮೇಲೆ ಆಜ್ಞೆಯ ಕಿಟಕಿಯಲ್ಲಿ ಜಾವಾದ ಆವೃತ್ತಿಯನ್ನು ಕೇಳಿ ನೋಡಬೇಕು. ಹಳೆಯ ಸಂಖ್ಯೆಯೇ ಕಂಡರೆ ಗಣಕದಲ್ಲಿ ಮೊದಲೇ ಇದ್ದ ಹಳೆಯ ಜಾವಾ ಉತ್ತರ ಕೊಡುತ್ತಿದೆಯೆಂದು ತಿಳಿದು, ‘ಜಾವಾ ಹೋಮ್’ ಎಂಬ ಪರಿಸರ ಚರವನ್ನೂ ‘ಪಾತ್’ ಎಂಬ ಹಾದಿಯನ್ನೂ ಸರಿಪಡಿಸಬೇಕು.

ಎರಡನೆಯದಾಗಿ, ‘ಸ್ಪ್ರಿಂಗ್ ಇನಿಶಿಯಲೈಸರ್’ ಎಂಬ ತಾಣದಲ್ಲಿ ಹೊಸ ಯೋಜನೆಯ ಎಲುಬುಗೂಡನ್ನು ಪಡೆಯಬೇಕು. ಅಲ್ಲಿ ನಿರ್ಮಾಣದ ಸಾಧನವಾಗಿ ‘ಮೇವನ್’, ಭಾಷೆಯಾಗಿ ಜಾವಾ, ಅಂಗಗಳಾಗಿ ‘ಸ್ಪ್ರಿಂಗ್ ವೆಬ್’, ‘ಥೈಮ್‌ಲೀಫ್’, ‘ಡೇಟಾ ಜೆಪಿಎ’, ‘ವ್ಯಾಲಿಡೇಶನ್’ ಮತ್ತು ‘ಮೈಎಸ್‌ಕ್ಯೂಎಲ್’ ಚಾಲಕ ಇವನ್ನು ಆರಿಸಿಕೊಂಡರೆ ಒಂದು ಜಿಪ್ ಕಡತ ದೊರೆಯುವುದು. ಅದನ್ನು ಬಿಚ್ಚಿದಾಗ ಮೂರು ಸ್ಥಳಗಳನ್ನು ಗುರುತಿಸಿಕೊಳ್ಳಬೇಕು: ಬೇಕಾದ ಅಂಗಗಳ ಪಟ್ಟಿಯಿರುವ ‘ಪಾಮ್’ ಕಡತ, ಜಾವಾದ ಬರಹವಿರುವ ಕೋಶ, ಪುಟಗಳ ಮಾದರಿಯೂ ವ್ಯವಸ್ಥೆಯ ನಿಯಮಗಳೂ ಇರುವ ‘ರಿಸೋರ್ಸಸ್’ ಕೋಶ.

ಮೂರನೆಯದಾಗಿ, ಯೋಜನೆಯ ಜೊತೆಗೇ ಬರುವ ‘ಮೇವನ್ ವ್ರ್ಯಾಪರ್’ ಮೂಲಕ ಅದನ್ನು ಓಡಿಸಬೇಕು. ಮೊದಲ ಸಲ ಅದು ಎಲ್ಲ ಅಂಗಗಳನ್ನೂ ಅಂತರ್ಜಾಲದಿಂದ ತರಿಸಿಕೊಳ್ಳುವುದರಿಂದ ಹೊತ್ತು ಹಿಡಿಯುತ್ತದೆ. ಆದುದರಿಂದ ವಿದ್ಯುತ್ತೂ ಜಾಲಸಂಪರ್ಕವೂ ಸ್ಥಿರವಾಗಿರುವ ವೇಳೆಯಲ್ಲಿ ಈ ಕೆಲಸವನ್ನು ಮುಗಿಸಿಕೊಳ್ಳುವುದು ಜಾಣತನ. ಒಮ್ಮೆ ತಂದದ್ದು ಗಣಕದ ಒಳಗಣ ಸಂಗ್ರಹದಲ್ಲಿ ಉಳಿಯುವುದರಿಂದ ಮುಂದೆ ಜಾಲವಿಲ್ಲದ ದಿನವೂ ಪಾಠ ನಡೆಯುವುದು. ‘ಟಾಮ್‌ಕ್ಯಾಟ್’ ಎಂಬ ಪರಿಚಾರಕವು ಚೌಕಟ್ಟಿನ ಒಳಗೇ ಅಡಕವಾಗಿದ್ದು 8080 ಎಂಬ ದ್ವಾರದಲ್ಲಿ ಕಾದಿರುತ್ತದೆ. ಅದೇ ಗಣಕದ ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್’ ಎಂಬ ವಿಳಾಸದೊಡನೆ ಆ ಸಂಖ್ಯೆಯನ್ನು ಬರೆದರೆ ಉತ್ತರ ಬರುವುದು.

ಹೊಸಬರು ಇಲ್ಲಿ ಸಾಮಾನ್ಯವಾಗಿ ನಾಲ್ಕು ಕಡೆ ಎಡವುತ್ತಾರೆ. ದ್ವಾರವು ಬಳಕೆಯಲ್ಲಿದೆಯೆಂಬ ದೂರು ಬಂದರೆ ಹಿಂದೆ ಓಡಿಸಿದ ಪ್ರತಿಯನ್ನು ನಿಲ್ಲಿಸಿಲ್ಲವೆಂದು ತಿಳಿಯಬೇಕು. ದತ್ತಾಂಶದ ಮೂಲವನ್ನು ಹೊಂದಿಸಲಾಗಲಿಲ್ಲವೆಂದರೆ ಭಂಡಾರದ ವಿಳಾಸ, ಬಳಕೆದಾರ, ಗುಪ್ತಪದ ಇವನ್ನು ನಿಯಮದ ಕಡತದಲ್ಲಿ ಬರೆದಿಲ್ಲವೆಂದರ್ಥ. ‘404’ ಎಂದು ಕಂಡರೆ ಆ ವಿಳಾಸಕ್ಕೆ ಬಾಗಿಲಲ್ಲಿ ಯಾರನ್ನೂ ನಿಲ್ಲಿಸಿಲ್ಲ. ಕಂಟ್ರೋಲರನ್ನು ಬರೆದಿದ್ದರೂ 404 ಕಂಡರೆ, ಅದನ್ನು ಮುಖ್ಯ ವರ್ಗವಿರುವ ಕೋಶದ ಹೊರಗೆ ಇಟ್ಟಿರುವ ಸಂಭವವೇ ಹೆಚ್ಚು. ಚೌಕಟ್ಟು ಹುಡುಕುವುದು ಮುಖ್ಯ ವರ್ಗದ ಕೋಶವನ್ನೂ ಅದರ ಒಳಕೋಶಗಳನ್ನೂ ಮಾತ್ರ.

ನಾಲ್ಕನೆಯದಾಗಿ, ವಿದ್ಯಾರ್ಥಿಯ ದಾಖಲೆಯನ್ನು ‘ಎಂಟಿಟಿ’ ಎಂಬ ವರ್ಗವಾಗಿ ಬರೆಯಬೇಕು. ಪರದೇಶದ ಮಾದರಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಕಾಲಮು ಮಾಡಿದರೆ ನಮ್ಮವರ ಹೆಸರು ಅದರಲ್ಲಿ ಕೂಡುವುದಿಲ್ಲ. ರಜಿಸ್ಟರಿನಲ್ಲಿರುವಂತೆ ಸ್ವಂತ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಅಡ್ಡಹೆಸರು, ಊರು, ತಾಲೂಕು, ಜನ್ಮದಿನಾಂಕ, ಸೇರಿದ ದಿನಾಂಕ, ದಾಖಲಾತಿ ಸಂಖ್ಯೆ ಎಂದು ಬೇರೆಬೇರೆಯಾಗಿಯೇ ಇರಿಸತಕ್ಕದ್ದು. ದಿನಾಂಕಗಳಿಗೆ ‘ಲೋಕಲ್‌ಡೇಟ್’ ಎಂಬ ಪ್ರಕಾರವನ್ನು ಬಳಸಬೇಕು. ದಿನಾಂಕವನ್ನು ಬರಿಯ ಅಕ್ಷರಸಾಲಾಗಿ ಇಟ್ಟರೆ 05-06 ಎಂಬುದು ಜೂನ್ 5 ಎಂದು ಒಬ್ಬರಿಗೂ ಮೇ 6 ಎಂದು ಮತ್ತೊಬ್ಬರಿಗೂ ಕಂಡೀತು. ಹಳೆಯ ರಜಿಸ್ಟರುಗಳಲ್ಲಿ ಜೂನ್ 1ರಂದು ಹುಟ್ಟಿದವರ ಸಂಖ್ಯೆ ಬಹಳವಿರುವುದನ್ನು ಗುರುವೃಂದವು ಬಲ್ಲದು. ಅದು ನಿಜವಾದ ಜನ್ಮದಿನವಲ್ಲದಿರಬಹುದು. ಆದರೆ ದಾಖಲೆಯಲ್ಲಿರುವುದು ಅದೇ. ಯಂತ್ರವಾಗಲಿ ಬರೆಯುವವನಾಗಲಿ ಅದನ್ನು ತಿದ್ದುವ ಅಧಿಕಾರವನ್ನು ಹೊಂದಿಲ್ಲ.

ರೆಪಾಸಿಟರಿಯನ್ನು ಬರಿಯ ಒಂದು ಒಡಂಬಡಿಕೆಯಾಗಿ ಬರೆದರೆ ಸಾಕು. ಉಳಿಸುವ, ಹುಡುಕುವ ಕೆಲಸಗಳನ್ನು ಚೌಕಟ್ಟೇ ತುಂಬಿಕೊಡುತ್ತದೆ. ಆದರೆ ಒಂದು ಎಚ್ಚರಿಕೆಯನ್ನು ಗೋಡೆಯ ಮೇಲೆ ಬರೆದಿಡಬೇಕು. ಕೋಷ್ಟಕಗಳನ್ನು ರಚಿಸುವ ನಿಯಮದಲ್ಲಿ ‘ಕ್ರಿಯೇಟ್’ ಎಂದು ಬರೆದರೆ, ತಂತ್ರಾಂಶವನ್ನು ಆರಂಭಿಸಿದಾಗಲೆಲ್ಲ ಇದ್ದ ಕೋಷ್ಟಕಗಳು ಅಳಿದು ಹೊಸವು ಹುಟ್ಟುತ್ತವೆ. ಅಭ್ಯಾಸದ ಪ್ರತಿಗೆ ಇದು ಅನುಕೂಲ. ನಿಜವಾದ ದಾಖಲೆಗೆ ಇದು ಬೆಂಕಿಯಿದ್ದಂತೆ. ನಿಜದ ಪ್ರತಿಯಲ್ಲಿ ‘ವ್ಯಾಲಿಡೇಟ್’ ಎಂದೇ ಇರಬೇಕು.

ಅಕ್ಷರಶುದ್ಧಿ

ಈ ಪಾಠದಲ್ಲಿ ಅತ್ಯಂತ ಮುಖ್ಯವಾದ ಭಾಗವಿದು. ನಾವು ಪ್ರಾಯೋಗಿಕವಾಗಿ ರಜಿಸ್ಟರಿನ ಒಂದು ಪುಟವನ್ನು ಏರಿಸಿ ಮರುದಿನ ತೆರೆದಾಗ ಹೆಸರಿನ ಕಾಲಮಿನ ಉದ್ದಕ್ಕೂ ಬರಿಯ ಪ್ರಶ್ನಾರ್ಥಕ ಚಿಹ್ನೆಗಳು ನಿಂತಿದ್ದವು. ದಾಖಲಾತಿ ಸಂಖ್ಯೆಗಳಿದ್ದವು, ದಿನಾಂಕಗಳಿದ್ದವು. ಮನುಷ್ಯರ ಹೆಸರು ಮಾತ್ರ ಇರಲಿಲ್ಲ. ತಪ್ಪು ನಮ್ಮದೇ: ಕೋಷ್ಟಕವನ್ನು ‘ಲ್ಯಾಟಿನ್-1’ ಎಂಬ ಸಂಕೇತದಲ್ಲಿ ಕಟ್ಟಿದ್ದೆವು. ಪುಣ್ಯಕ್ಕೆ ಮೂಲ ರಜಿಸ್ಟರು ಎದುರಿಗಿತ್ತು.

ಇದರ ಕಾರಣವನ್ನು ತಿಳಿಯಬೇಕು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿ ಮೀಸಲಾಗಿದೆ. ಅದರ ಪ್ರತಿ ಚಿಹ್ನೆಯೂ ಯುಟಿಎಫ್-8 ಬರಹದಲ್ಲಿ 3 ಬೈಟುಗಳಷ್ಟು ಜಾಗ ಹಿಡಿಯುತ್ತದೆ. ‘ಜೇವರ್ಗಿ’ ಎಂಬ ಪದವನ್ನೇ ನೋಡಿರಿ. ಓದುವವನ ಕಣ್ಣಿಗೆ ಅದು ಮೂರು ಅಕ್ಷರ. ಗಣಕಕ್ಕೆ ಅದು ಜ, ಏತ್ವ, ವ, ರ, ವಿರಾಮ, ಗ, ಗುಡಿಸು ಎಂದು 7 ಚಿಹ್ನೆ. ಆದುದರಿಂದ 21 ಬೈಟು. ಅರ್ಕಾವೊತ್ತು ಕಣ್ಣಿಗೆ ಗಕಾರದ ಬಲಕ್ಕೆ ಕಂಡರೂ ಯೂನಿಕೋಡಿನಲ್ಲಿ ಅದು ಉಚ್ಚಾರದ ಕ್ರಮದಂತೆ ರಕಾರವಾಗಿ ಮೊದಲೇ ನಿಲ್ಲುತ್ತದೆ. ಹಳೆಯ ಅಕ್ಷರಶೈಲಿಗಳಲ್ಲಿ ಆಕಾರದ ಕ್ರಮವೇ ಉಳಿಯುತ್ತಿತ್ತು. ಆದಕಾರಣ ಹಳೆಯ ನುಡಿ ಕಡತಗಳಲ್ಲಿ ಬೆರಳಚ್ಚಾದ ಪಟ್ಟಿಗಳನ್ನು ನೇರವಾಗಿ ಅಂಟಿಸದೆ, ಮೊದಲು ಯೂನಿಕೋಡಿಗೆ ಪರಿವರ್ತಿಸಿ ಒಂದೊಂದು ಹೆಸರನ್ನೂ ರಜಿಸ್ಟರಿನೊಡನೆ ಹೋಲಿಸಿ ನೋಡಬೇಕು.

ಇದರಿಂದ ಹೊರಡುವ ನಿಯಮಗಳು ಇವು:

1. ಭಂಡಾರದ ಕೋಷ್ಟಕಗಳು ‘ಯುಟಿಎಫ್-8-ಎಂಬಿ4’ ಸಂಕೇತದಲ್ಲಿಯೇ ಇರತಕ್ಕದ್ದು. ಮೈಎಸ್‌ಕ್ಯೂಎಲ್‌ನ 8ನೆಯ ಆವೃತ್ತಿಯಿಂದ ಇದೇ ರೂಢಿ. ಅದಕ್ಕೂ ಹಳೆಯದಾದರೆ ನಾವೇ ಹೇಳಬೇಕು.

2. ಜಾವಾ 18ನೆಯ ಆವೃತ್ತಿಯಿಂದ, ಅಂದರೆ 2022ರಿಂದ, ಯುಟಿಎಫ್-8 ಅನ್ನು ತನ್ನ ರೂಢಿಯ ಸಂಕೇತವಾಗಿ ಸ್ವೀಕರಿಸಿದೆ. ಹಿಂದಿನವು ಗಣಕದ ಕಾರ್ಯವ್ಯವಸ್ಥೆಯ ಸಂಕೇತವನ್ನು ಅನುಸರಿಸುತ್ತಿದ್ದವು. 21ನೆಯ ಆವೃತ್ತಿಯನ್ನು ಆರಿಸಲು ಹೇಳಿದ್ದು ಇದಕ್ಕಾಗಿ.

3. ಹೆಸರಿನ ಕಾಲಮಿಗೆ ಧಾರಾಳವಾಗಿ 200 ಚಿಹ್ನೆಗಳ ಅವಕಾಶವಿರಲಿ. ರೋಮನ್ ಅಕ್ಷರಗಳನ್ನು ಮಾತ್ರ ಒಪ್ಪುವ ಪರೀಕ್ಷೆಯನ್ನು ಎಲ್ಲಿಂದಲೋ ನಕಲು ಮಾಡಿ ಸೇರಿಸಿದರೆ ನಮ್ಮ ಮಗುವಿನ ಹೆಸರೇ ತಪ್ಪೆಂದು ಯಂತ್ರ ಹೇಳೀತು.

4. ‘ಜೇ’ ಎಂಬಂಥ ಅಕ್ಷರದ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಎರಡು ಚಿಹ್ನೆಗಳಾಗಿಯೂ ಬರೆಯಲು ಸಾಧ್ಯ. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಆದುದರಿಂದ ಉಳಿಸುವ ಮುನ್ನ ಜಾವಾದ ‘ನಾರ್ಮಲೈಸರ್’ ಮೂಲಕ ಒಂದೇ ರೂಪಕ್ಕೆ ತರಬೇಕು. ಇಲ್ಲವಾದರೆ ಹುಡುಕಿದಾಗ ಹೆಸರು ಸಿಕ್ಕದು.

5. ತಾಲೂಕಿನ ಹೆಸರನ್ನು ಬೆರಳಚ್ಚು ಮಾಡಿಸದೆ ಪಟ್ಟಿಯಿಂದ ಆರಿಸುವಂತೆ ಮಾಡಬೇಕು. ಅಫಜಲಪುರ, ಅಫ್ಜಲಪುರ, ಅಫಜಲ್‌ಪುರ ಎಂದು ಮೂವರು ಮೂರು ಬಗೆಯಾಗಿ ಬರೆದರೆ ಒಂದು ತಾಲೂಕು ಮೂರಾಗುವುದು.

ಇನ್ನೊಂದು ವ್ಯತ್ಯಾಸವನ್ನೂ ನೆನಪಿಡಬೇಕು. ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಅಕ್ಷರವು ನಾಶವಾಗಿದೆ. ಮೂಲದಿಂದ ಮತ್ತೆ ಬರೆಯದ ಹೊರತು ಮರಳದು. ಕನ್ನಡದ ಬದಲು ತಲೆಯ ಮೇಲೆ ಗೆರೆಗಳುಳ್ಳ ಐರೋಪ್ಯ ಅಕ್ಷರಗಳ ಗೊಂದಲ ಕಂಡರೆ ಬೈಟುಗಳು ಬಹುಶಃ ಸುರಕ್ಷಿತವಾಗಿವೆ, ಓದುವ ಸಂಕೇತವಷ್ಟೇ ತಪ್ಪಾಗಿದೆ. ಮೊದಲನೆಯದು ಹರಿದ ಪುಟ, ಎರಡನೆಯದು ತಲೆಕೆಳಗಾಗಿ ಹಿಡಿದ ಪುಟ. ಗಾಬರಿಯಿಂದ ಎರಡನೆಯದನ್ನು ‘ತಿದ್ದಿ’ ಉಳಿಸಿ ಮೊದಲನೆಯದನ್ನಾಗಿ ಮಾಡಿಕೊಳ್ಳಬಾರದು.

ಕಾಪು

ದಾಖಲಾತಿ ರಜಿಸ್ಟರಿನಲ್ಲಿ ಮಕ್ಕಳ ಜಾತಿ, ಜನ್ಮದಿನ, ಪಾಲಕರ ವಿಳಾಸ ಇರುತ್ತವೆ. ಇವು ಊರೆಲ್ಲ ನೋಡತಕ್ಕವಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಅಧಿನಿಯಮವು ಮಕ್ಕಳ ಮಾಹಿತಿಯ ವಿಷಯದಲ್ಲಿ ಪಾಲಕರ ಒಪ್ಪಿಗೆಗೆ ಪ್ರಾಶಸ್ತ್ಯ ಕೊಟ್ಟಿದೆ. ‘ಸ್ಪ್ರಿಂಗ್ ಸೆಕ್ಯೂರಿಟಿ’ ಎಂಬ ಅಂಗವನ್ನು ಸೇರಿಸಿ, ನೋಡುವವರು ಯಾರು, ತಿದ್ದುವವರು ಯಾರು ಎಂಬುದನ್ನು ಬೇರ್ಪಡಿಸತಕ್ಕದ್ದು. ತಿದ್ದುಪಡಿಯಾದಾಗ ಹಳೆಯ ಬರಹವೂ ತಿದ್ದಿದವರ ಹೆಸರೂ ಉಳಿಯಬೇಕು, ರಜಿಸ್ಟರಿನಲ್ಲಿ ಕೆಂಪು ಮಸಿಯಿಂದ ತಿದ್ದಿ ಸಹಿ ಮಾಡುವಂತೆ. ಮುಕ್ತ ತಂತ್ರಾಂಶಗಳಲ್ಲಿಯೂ ಬಿರುಕುಗಳು ಕಾಣಿಸಿಕೊಳ್ಳುತ್ತವೆ. 2021ರ ಡಿಸೆಂಬರಿನಲ್ಲಿ ‘ಲಾಗ್‌ಫೋರ್‌ಜೆ’ ಎಂಬ ಜಾವಾ ಅಂಗದಲ್ಲಿಯೂ 2022ರ ಮಾರ್ಚಿನಲ್ಲಿ ಸ್ಪ್ರಿಂಗಿನಲ್ಲಿಯೇ ಗಂಭೀರ ದೋಷಗಳು ಹೊರಬಿದ್ದು, ಜಗತ್ತಿನಾದ್ಯಂತ ತುರ್ತಾಗಿ ಹೊಸ ಆವೃತ್ತಿಗಳನ್ನು ಹಾಕಿಕೊಳ್ಳಬೇಕಾಯಿತು. ಒಮ್ಮೆ ಕಟ್ಟಿ ಬಾಗಿಲು ಹಾಕಿ ಹೋದರೆ ಮನೆ ಉಳಿಯದು. ವಾರಕ್ಕೊಮ್ಮೆ ದತ್ತಾಂಶದ ಪ್ರತಿಯನ್ನು ತೆಗೆದು ಶಾಲೆಯ ಹೊರಗೆ ಇನ್ನೊಂದು ಸುರಕ್ಷಿತ ಸ್ಥಳದಲ್ಲಿ ಇಡುವುದೂ ಅವಶ್ಯ. ಗಣಕ ಬಂದಿತೆಂದು ಮೂಲ ರಜಿಸ್ಟರನ್ನು ಎಸೆಯುವ ಮಾತಂತೂ ಸಲ್ಲದು.

ಉಪಸಂಹಾರ

ಚೌಕಟ್ಟನ್ನು ಅಣಿಗೊಳಿಸುವುದು ಒಂದು ಮಧ್ಯಾಹ್ನದ ಕೆಲಸ. ದಾಖಲೆಯನ್ನು ಕಾಯುವುದು ತಲೆಮಾರುಗಳ ಕಾಯಕ. ಮೊದಲನೆಯದನ್ನು ಹೊರಗಿನವರಿಂದ ಹಣ ಕೊಟ್ಟು ಮಾಡಿಸಬಹುದು. ಎರಡನೆಯದು ಶಾಲೆಯ ಗುಮಾಸ್ತರೂ ಗುರುಗಳೂ ವಿದ್ಯಾರ್ಥಿಗಳೂ ತಮ್ಮದೆಂದು ತಿಳಿದು ಮಾಡಿದರೆ ಮಾತ್ರ ನಡೆದೀತು. 1991ರ ಪ್ರಯೋಗದಿಂದ ನಮ್ಮ ಜಿಲ್ಲೆ ಅರಿತದ್ದು ಇದನ್ನೇ.

ಆಳಂದ ತಾಲೂಕಿನ ಕಡಗಂಚಿಯಲ್ಲಿ ಇಂದು ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಲಬುರಗಿಯಲ್ಲಿ 1958ರಿಂದ ಇಂಜಿನಿಯರಿಂಗ್ ಕಾಲೇಜಿದೆ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಇದೇ ಜಾವಾ ಚೌಕಟ್ಟಿನಲ್ಲಿ ದುಡಿಯುವ ತರುಣರು ನಮ್ಮ ಸೀಮೆಯ ಹಳ್ಳಿಗಳಿಂದಲೂ ಹೋಗಿದ್ದಾರೆ. ದಾನಿಗಳಲ್ಲಿ ನಮ್ಮ ಬಿನ್ನಹವೇನೆಂದರೆ, ಯಂತ್ರವನ್ನು ಕೊಡುವಾಗ ಅದನ್ನು ನಡೆಸಲು ಕಲಿಸುವ ವ್ಯವಸ್ಥೆಗೂ ಒಂದು ಪಾಲನ್ನು ತೆಗೆದಿರಿಸಬೇಕು. ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಎರಡು ದಿನ ಶಾಲೆಯ ಗಣಕದ ಕೋಣೆಯಲ್ಲಿ ಮಕ್ಕಳೊಡನೆ ಕುಳಿತರೆ ಅದೂ ದಾಸೋಹವೇ. ಗುರುವೃಂದದವರು ತರಗತಿಯ ಮೊದಲ ಅಭ್ಯಾಸವಾಗಿ, ಪರದೇಶದ ಪುಸ್ತಕಗಳಲ್ಲಿರುವ ‘ಲೋಕವೇ ನಮಸ್ಕಾರ’ ಎಂಬ ವಾಕ್ಯದ ಬದಲಿಗೆ, ಪ್ರತಿ ಮಗುವೂ ತನ್ನ ಹೆಸರನ್ನೂ ತನ್ನ ಊರಿನ ಹೆಸರನ್ನೂ ಕನ್ನಡದಲ್ಲಿ ಉಳಿಸಿ, ಗಣಕವನ್ನು ಮುಚ್ಚಿ, ಮತ್ತೆ ತೆರೆದು ಓದುವಂತೆ ಮಾಡಲಿ. ಒತ್ತು, ದೀರ್ಘ, ಅರ್ಕಾವೊತ್ತುಗಳೊಂದೂ ಕೆಡದೆ ಆ ಹೆಸರು ಮರಳಿ ಬಂದರೆ ಚೌಕಟ್ಟು ಸರಿಯಾಗಿ ಅಣಿಯಾಗಿದೆಯೆಂದು ತಿಳಿಯಬಹುದು.